ಮಾನಸಿಕ ಅಂಗವೈಕಲ್ಯ ಪ್ರಮಾಣಪತ್ರ: ದಿನಚರಿಯೇ ದಾಖಲೆ

ಮಾನಸಿಕ ಕಾಯಿಲೆಯ ಮಗನನ್ನೋ ತಂಗಿಯನ್ನೋ ಅಂಗವೈಕಲ್ಯ ಪ್ರಮಾಣಪತ್ರಕ್ಕೆಂದು ಜಿಲ್ಲಾಸ್ಪತ್ರೆಗೆ ಕರೆದೊಯ್ಯುವ ಮನೆಯವರು ಔಷಧಿ ಚೀಟಿಗಳ ಕಂತೆಯನ್ನು ಜೋಪಾನವಾಗಿ ತಂದಿರುತ್ತಾರೆ. ಆದರೆ ವೈದ್ಯರು "ಸ್ನಾನ ತಾನೇ ಮಾಡ್ತಾನಾ?" ಎಂದು ಕೇಳಿದಾಗ, ನಾಲ್ಕು ಜನರ ಮುಂದೆ ಸಂಕೋಚಪಟ್ಟು "ಹೂಂ ಸಾರ್, ಎಲ್ಲಾ ಮಾಡ್ಕೋತಾನೆ" ಎಂದುಬಿಡುತ್ತಾರೆ. ಆ ಒಂದು ಮಾತಿನಿಂದ ಅಂಕ ತಪ್ಪಿಹೋಗಬಹುದು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಅದನ್ನು ಅಳೆಯುವುದು 'ಐಡಿಯಾಸ್' ಎಂಬ ಮಾಪನದಿಂದ. ಸ್ವಂತ ಆರೈಕೆ, ಜನರೊಂದಿಗೆ ಒಡನಾಟ, ಮಾತು ಮತ್ತು ಗ್ರಹಿಕೆ, ಕೆಲಸ ಈ ನಾಲ್ಕಕ್ಕೂ ತಲಾ 0ಯಿಂದ 4 ಅಂಕ. ಕಾಯಿಲೆ ಎಷ್ಟು ವರ್ಷದ್ದು ಎಂಬುದಕ್ಕೂ 4ರವರೆಗೆ ಅಂಕವಿದೆ. ಹಳೆಯ ಚೀಟಿಗಳು ಬೇಕಾಗುವುದು ಇದಕ್ಕೇ. ಒಟ್ಟು 20ರಲ್ಲಿ 7 ಬಂದರೆ ಶೇ 40ರ ಮಟ್ಟ ಮುಟ್ಟಿದಂತೆ. ಮಾಸಾಶನ, ಮೀಸಲಾತಿಯಂಥ ಸೌಲಭ್ಯಗಳಿಗೆ ಕನಿಷ್ಠ ಅಷ್ಟು ಬೇಕು.

ಹಾಗಾಗಿ ತಪಾಸಣೆಗೆ ಮುಂಚೆ ಎರಡು ವಾರವಾದರೂ ಮನೆಯಲ್ಲೊಂದು ನೋಟ್‌ಬುಕ್ ಇಡಿ. "ಕೆಲಸ ಮಾಡಲಾರ" ಎಂದಷ್ಟೇ ಬರೆದರೆ ಸಾಲದು. "ಅಂಗಡಿಗೆ ಕಳಿಸಿದರೆ ಹಾಲು ತರುತ್ತಾನೆ, ಚಿಲ್ಲರೆ ಎಣಿಸಿಕೊಳ್ಳುವುದಿಲ್ಲ. ಗಾರೆ ಕೆಲಸಕ್ಕೆ ಸೇರಿಸಿದ್ದೆವು, ನಾಲ್ಕನೇ ದಿನ ಮಧ್ಯಾಹ್ನ ಎದ್ದು ಬಂದ" ಎಂದು ಬರೆಯಿರಿ. ಸ್ನಾನ ತಾನೇ ಮಾಡುತ್ತಾಳೆ ಎನ್ನುವುದಾದರೆ ಎಷ್ಟು ಸಲ ಹೇಳಬೇಕು, ನೀರು ಕಾಯಿಸಿ ಬಟ್ಟೆ ಎತ್ತಿಡುವವರು ಯಾರು, ಹೊರಗೆ ನಿಂತು ಕಾಯಬೇಕೇ ಎಂಬುದೂ ಬರಲಿ. ಚೆನ್ನಾಗಿರುವ ದಿನಗಳನ್ನೂ ಮುಚ್ಚಿಡಬೇಡಿ. ವಾರದಲ್ಲಿ ಅಂಥವು ಎಷ್ಟು ಎಂದು ನಮೂದಿಸಿ. ವರ್ಷಗಟ್ಟಲೆ ಆರೈಕೆ ಮಾಡಿದ ತಾಯಿಗೆ ತಾನು ಮಾಡುತ್ತಿರುವುದು ಸಹಾಯ ಎಂದೇ ಅನಿಸಿರುವುದಿಲ್ಲ. ವೈದ್ಯರಿಗೆ ಮುಖ್ಯವಾಗಿ ತಿಳಿಯಬೇಕಾದದ್ದು ಅದೇ.

ಎಲ್ಲರೆದುರು ಹೇಳಲು ಕಷ್ಟವಾದರೆ ಪ್ರತ್ಯೇಕವಾಗಿ ಮಾತಾಡಬೇಕೆಂದು ಕೇಳಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಕಲಂ 23 ರೋಗಿಗೆ ಗೋಪ್ಯತೆಯ ಹಕ್ಕು ಕೊಟ್ಟಿದೆ. ಇಲ್ಲದ್ದನ್ನು ಮಾತ್ರ ಸೇರಿಸಬೇಡಿ. ವಿಕಲಚೇತನರಿಗೆಂದು ಇರುವ ಸೌಲಭ್ಯವನ್ನು ಮೋಸದಿಂದ ಪಡೆದರೆ 2016ರ ಕಾಯ್ದೆಯ ಕಲಂ 91ರಡಿ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಅರ್ಜಿ ಹಾಕುವುದು 'ಸ್ವಾವಲಂಬನ್' ಜಾಲತಾಣದಲ್ಲಿ. ಫೋಟೊ, ಆಧಾರ್, ವಿಳಾಸದ ದಾಖಲೆ ಸಿದ್ಧವಿರಲಿ. ಹಳ್ಳಿಯವರು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರ ನೆರವು ಕೇಳಬಹುದು.

ಪ್ರಮಾಣಪತ್ರ ನಿರಾಕರಿಸಿದರೆ ಅದಕ್ಕೆ ಕಾರಣವನ್ನು ಲಿಖಿತವಾಗಿ ಕೊಡಬೇಕೆಂಬುದು ನಿಯಮ. ಕೊಟ್ಟ ತೀರ್ಮಾನ ಒಪ್ಪಿಗೆಯಾಗದಿದ್ದರೆ 2016ರ ಕಾಯ್ದೆಯ ಕಲಂ 59ರಡಿ ಮೇಲ್ಮನವಿ ಸಲ್ಲಿಸಬಹುದು. ಅದಕ್ಕೂ ಆ ಕಾಗದವೇ ಆಧಾರ. ಬಾಯಿಮಾತಿನ ಉತ್ತರಕ್ಕೆ ತೃಪ್ತರಾಗಿ ಮನೆಗೆ ಹಿಂತಿರುಗಬೇಡಿ, ಬರೆದುಕೊಡಿ ಎಂದು ಕೇಳಿ ಪಡೆಯಿರಿ.