ವಹಿವಾಟು ಕೇಳಬೇಡಿ, ಉದ್ರಿ ಕೇಳಿ

ಗಂಗಾವತಿಯ ಒಂದು ಅಕ್ಕಿ ಮಿಲ್ಲಿನಲ್ಲಿ ನನ್ನದೂ ಸಣ್ಣ ಪಾಲಿದೆ. ಪ್ರೈವೇಟ್ ಲಿಮಿಟೆಡ್ ಕಂಪನಿ, ಪಾಲುದಾರರೆಲ್ಲ ಬಂಧುಬಳಗದವರು. ಇಂಥ ಕಂಪನಿಯ ಷೇರಿಗೆ ಪೇಟೆಯಲ್ಲಿ ದಿನದ ದರವಿಲ್ಲ. ಹಾಕಿದ ದುಡ್ಡು ಬೆಳೆಯುತ್ತಿದೆಯೋ ಕರಗುತ್ತಿದೆಯೋ ತಿಳಿಯಬೇಕಾದರೆ ಅಂಕಿಗಳನ್ನು ನಾವೇ ಕೂಡಿಡಬೇಕು.

‘ಈ ಸಲ ವಹಿವಾಟು ಭಾರೀ ಆತು’ ಎಂಬ ಸುದ್ದಿಯನ್ನು ನಾನು ನೆಚ್ಚುವುದಿಲ್ಲ. ಭತ್ತದ ದರ ಏರಿದರೆ ಒಂದು ಚೀಲವೂ ಹೆಚ್ಚು ಅರೆಯದೆ ವಹಿವಾಟು ಏರುತ್ತದೆ. ಪ್ರತಿ ತಿಂಗಳು ನಾನು ತರಿಸಿಕೊಳ್ಳುವ ಲೆಕ್ಕ ಬೇರೆ: ಒಳಬಂದ ಭತ್ತ, ಹೊರಬಿದ್ದ ಅಕ್ಕಿ, ನುಚ್ಚು, ತೌಡು, ಜೆಸ್ಕಾಂ ವಿದ್ಯುತ್ ಬಿಲ್ಲಿನ ಯೂನಿಟ್. ಸರ್ಕಾರ ತನ್ನ ಭತ್ತವನ್ನು ಮಿಲ್ಲಿಗೆ ಕೊಟ್ಟಾಗ ಕ್ವಿಂಟಲಿಗೆ 67 ಕೆ.ಜಿ. ಅಕ್ಕಿ ಕೇಳುತ್ತದೆ, ಕುಸುಬಲಕ್ಕಿಯಾದರೆ 68. ಅದರ ಪಕ್ಕದಲ್ಲಿ ನಮ್ಮ ಅಂಕಿ ಇಟ್ಟು ನೋಡುತ್ತೇನೆ. ಯೂನಿಟ್ ಏರಿ ಅಕ್ಕಿ ಏರದಿದ್ದರೆ ಕಾರಣ ಕೇಳಲೇಬೇಕು.

ಆದರೆ ಮಿಲ್ಲು ನಡೆಸುವ ಮಾವನಿಗೆ ನನ್ನ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ‘ಮಾವಾ, ಉದ್ರಿ ಎಷ್ಟೈತ್ರೀ?’ ಬರಬೇಕಾದ ಬಾಕಿಯನ್ನು ವರ್ಷದ ಮಾರಾಟದಿಂದ ಭಾಗಿಸಿ 365ರಿಂದ ಗುಣಿಸಿ. 12 ಕೋಟಿ ಮಾರಾಟಕ್ಕೆ 2 ಕೋಟಿ ಬಾಕಿಯಿದ್ದರೆ ಮಾರಿದ ದುಡ್ಡು ಕೈಸೇರಲು 61 ದಿನ. ಮರುವರ್ಷ ಮಾರಾಟ 15 ಕೋಟಿ, ಬಾಕಿ 4 ಕೋಟಿ ಎಂದಿಟ್ಟುಕೊಳ್ಳಿ, 97 ದಿನವಾಯಿತು. ಮಾರಾಟ ಬೆಳೆದಿದೆ, ನಿಜ. ರೈತರಿಗೆ ಭತ್ತದ ದುಡ್ಡು ಎಣಿಸಲು ಮಾತ್ರ ಬ್ಯಾಂಕಿನ ಸಾಲವೇ ಗತಿ, ಅದರ ಬಡ್ಡಿ ನಮ್ಮ ಲಾಭವನ್ನು ತಿನ್ನುತ್ತದೆ.

ಹಳೆಯ ತಿಂಗಳುಗಳ ಲೆಕ್ಕವನ್ನೂ ಎಸೆಯಬಾರದು. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ನಿಷೇಧ ತೆರವಾದದ್ದು 2024ರ ಸೆಪ್ಟೆಂಬರ್‌ನಲ್ಲಿ. ಅದಕ್ಕೂ ಮೊದಲು, ಅದೇ ವರ್ಷದ ಆಗಸ್ಟ್ 10ರ ರಾತ್ರಿ, ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿಹೋಯಿತು. ಎಡದಂಡೆ ಕಾಲುವೆಯನ್ನು ನಂಬಿದ ಊರಿನಲ್ಲಿ ಯಾವ ಇಳಿಕೆ ಕಾಲದಿಂದ ಬಂತು, ಯಾವುದು ಆಡಳಿತದಿಂದ ಎಂದು ಬೇರ್ಪಡಿಸಲು ಆ ಲೆಕ್ಕವೇ ಬೇಕು.

ಬೀಗರನ್ನು ಕೇಳಲು ಸಂಕೋಚವೇ? ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ 100 ರೂಪಾಯಿ ಕಟ್ಟಿದರೆ ಕಂಪನಿ ಸಲ್ಲಿಸಿದ ಬ್ಯಾಲೆನ್ಸ್ ಶೀಟ್, ಆಸ್ತಿ ಅಡವಿಟ್ಟು ತಂದ ಸಾಲದ ವಿವರ ಎಲ್ಲ ಸಿಗುತ್ತವೆ. ಕುಷ್ಟಗಿ, ಯಲಬುರ್ಗಾ ಕಡೆ ರೈತ ಉತ್ಪಾದಕ ಕಂಪನಿಗಳ ಷೇರು ಹಿಡಿದವರಿಗೂ ಈ ದಾರಿ ತೆರೆದಿದೆ. ನಮ್ಮಂಥ ಪ್ರೈವೇಟ್ ಲಿಮಿಟೆಡ್ ಕಂಪನಿ ವಾರ್ಷಿಕ ಸಭೆಯಾದ 30 ದಿನಗಳೊಳಗೆ ಲೆಕ್ಕಪತ್ರ ಸಲ್ಲಿಸಬೇಕು, ತಪ್ಪಿದರೆ ದಿನಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕ. ವರ್ಷ ವರ್ಷವೂ ತಡಮಾಡುವ ಕಂಪನಿಗೆ, ಅದು ಎಷ್ಟೇ ಹತ್ತಿರದವರದಾಗಿರಲಿ, ನಾನು ಹೊಸದಾಗಿ ದುಡ್ಡು ಹಾಕುವುದಿಲ್ಲ.