ಮನೆಯ ಶುಶ್ರೂಷೆಯನ್ನು ಅಳೆಯುವ ಬಗೆ

ಯಲ್ಲಾಪುರ ತಾಲ್ಲೂಕಿನ ಚಂದಗುಳಿಯ ಹೆಸರನ್ನು ಕೇಳಿದೊಡನೆ ಘಟ್ಟದ ಮೇಲಿನ ಜನರಿಗೆ ನೆನಪಾಗುವುದು ಅಲ್ಲಿಯ ಘಂಟೆ ಗಣಪತಿಯ ದೇವಾಲಯ. ಹರಕೆ ಸಂದವರು ತಂದು ಕಟ್ಟಿದ ಘಂಟೆಗಳು ಅಲ್ಲಿ ಸಾಲುಸಾಲಾಗಿ ತೂಗಾಡುತ್ತಿರುವುವು. ಆದರೆ ಈ ಲೇಖನದಲ್ಲಿ ನಾವು ಹೇಳಹೊರಟಿರುವುದು ಬೇರೊಂದು ಘಂಟೆಯ ವಿಷಯ. ಹಾಸಿಗೆ ಹಿಡಿದ ವೃದ್ಧರ ತಲೆದಿಂಬಿನ ಪಕ್ಕದಲ್ಲಿ ಇಟ್ಟಿರುವ, ಅಥವಾ ಇಡಲು ಮರೆತಿರುವ, ಸಣ್ಣ ಘಂಟೆಯ ವಿಷಯ.

ಈ ಸೀಮೆಯ ಮನೆಗಳು ಒಂದಕ್ಕೊಂದು ತಾಗಿಕೊಂಡಿರುವುದಿಲ್ಲ. ಅಡಿಕೆ ತೋಟದ ಅಂಚಿನಲ್ಲಿ ಒಂದು, ಗುಡ್ಡದಾಚೆ ಇನ್ನೊಂದು. ಅಂತಹ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಎಪ್ಪತ್ತಾರು ವರ್ಷದ ಯಜಮಾನರಿಗೆ ಪಾರ್ಶ್ವವಾಯು ತಗಲಿ ಎಡಗೈ ಎಡಗಾಲುಗಳು ಸ್ವಾಧೀನ ತಪ್ಪಿವೆ. ಸಿಹಿಮೂತ್ರ ರೋಗವೂ ಉಂಟು. ಪೇಟೆಯ ಒಂದು ಸಂಸ್ಥೆಯವರು ಕಳುಹಿಸಿದ ಪರಿಚಾರಕಿ ಮನೆಯಲ್ಲಿಯೇ ಇದ್ದು ಅವರನ್ನು ನೋಡಿಕೊಳ್ಳುವಳು. ವಾರಕ್ಕೊಮ್ಮೆ ದಾದಿ ಬಂದು ಹೋಗುವಳು. ಬೆಂಗಳೂರಿನಲ್ಲಿರುವ ಮಗ ದೂರವಾಣಿಯಲ್ಲಿ, “ಆಯಿ, ನೋಡಿಕೊಳ್ಳುವವಳು ಹೇಗೆ?” ಎಂದು ಕೇಳುವನು. “ಒಳ್ಳೆ ಕೂಸು ತಮಾ. ಅಪ್ಪಯ್ಯಂಗೆ ತುತ್ತನ್ನೂ ಅದೇ ಬಾಯಿಗೆ ಇಡ್ತು” ಎಂದು ತಾಯಿ ಉತ್ತರಿಸುವಳು. ಮಗನಿಗೆ ಸಮಾಧಾನವಾಗುವುದು.

ಈ ಉತ್ತರವು ಸುಳ್ಳಲ್ಲ; ಆದರೆ ಅದು ಅಳತೆಯೂ ಅಲ್ಲ. ಆಸ್ಪತ್ರೆಯಲ್ಲಿ ನೋಡಲು ನಾಲ್ಕು ಕಣ್ಣುಗಳಿರುವುವು, ಬರೆದಿಡಲು ಪುಸ್ತಕಗಳಿರುವುವು. ಮನೆಯಲ್ಲಾದರೋ ಬಾಗಿಲು ಮುಚ್ಚಿದ ಮೇಲೆ ನಡೆಯುವುದಕ್ಕೆ ಸಾಕ್ಷಿ ಯಾರು? ಭಾರತದಲ್ಲಿ ಅರುವತ್ತು ದಾಟಿದವರ ಸಂಖ್ಯೆ ೨೦೧೧ರ ಜನಗಣತಿಯಲ್ಲಿಯೇ ಹತ್ತು ಕೋಟಿಯನ್ನು ಮೀರಿತ್ತು. ಅವರ ಆರೈಕೆಯ ಬಹುಭಾಗ ನಡೆಯುವುದು ಮನೆಗಳಲ್ಲಿಯೇ. ಆದ್ದರಿಂದ ಅದನ್ನು ಅಳೆಯುವ ಬಗೆಯನ್ನು ವಿದ್ಯಾರ್ಥಿಗಳು ಅರಿತಿರುವುದು ಅವಶ್ಯಕ. ಎಷ್ಟೋ ಮನೆಗಳಲ್ಲಿ ಲೆಕ್ಕವಿಡಬಲ್ಲ ವ್ಯಕ್ತಿ ಕಾಲೇಜಿಗೆ ಹೋಗುವ ಮೊಮ್ಮಗಳೇ ಆಗಿರುವಳು.

ಬೈರೂತಿನಲ್ಲಿ ಹುಟ್ಟಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದ ಅವೆಡಿಸ್ ಡೊನಬೇಡಿಯನ್ ಎಂಬ ವೈದ್ಯರು ೧೯೬೬ರಲ್ಲಿ ಒಂದು ಪ್ರಸಿದ್ಧ ಪ್ರಬಂಧವನ್ನು ಪ್ರಕಟಿಸಿದರು. ಚಿಕಿತ್ಸೆಯ ಗುಣವನ್ನು ಮೂರು ಕಡೆಗಳಿಂದ ನೋಡಬೇಕೆಂದು ಅವರ ಮತ. ಯಾರು, ಯಾವ ಸಾಧನಗಳಿಂದ ಮಾಡುತ್ತಾರೆ ಎಂಬುದು ‘ವ್ಯವಸ್ಥೆ’. ಹೇಗೆ ಮಾಡುತ್ತಾರೆ ಎಂಬುದು ‘ಕ್ರಮ’. ಕೊನೆಗೆ ರೋಗಿಗೆ ಏನಾಯಿತು ಎಂಬುದು ‘ಫಲ’. ಅಡಿಕೆ ಬೆಳೆಯುವವರಿಗೆ ಇದು ಹೊಸ ಮಾತೇನಲ್ಲ. ಶಿರಸಿಯ ಪೇಟೆಯಲ್ಲಿ ರಾಶಿಗೆ ಬೆಲೆ ಇಳಿದರೆ, ಇಳಿದ ಬೆಲೆಯೊಂದೇ ಕಾರಣವನ್ನು ತಿಳಿಸದು. ಕೊನೆ ಕೊಯ್ದದ್ದು ತಡವಾಯಿತೇ, ಬೇಯಿಸಿದ್ದು ಸಾಲದೇ ಹೋಯಿತೇ, ಅಟ್ಟದ ಮೇಲೆ ಹರವಿದಾಗ ಮಳೆ ಹಿಡಿಯಿತೇ ಎಂದು ಹಿಂದಕ್ಕೆ ಹೋಗಿ ಕೇಳಬೇಕು. ಶುಶ್ರೂಷೆಯಲ್ಲಿಯೂ ಹಾಗೆಯೇ.

ವ್ಯವಸ್ಥೆಯನ್ನು ಪರೀಕ್ಷಿಸುವುದು ಸುಲಭ. ಬಂದವಳು ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದ ದಾದಿಯೋ, ಸ್ನಾನ, ಊಟ, ಮಗ್ಗುಲು ಬದಲಾವಣೆಗಳಿಗಾಗಿ ತರಬೇತಾದ ಸಹಾಯಕಿಯೋ ಎಂಬುದನ್ನು ಮೊದಲು ತಿಳಿಯಬೇಕು. ಇಬ್ಬರ ಕೆಲಸವೂ ಬೇರೆ. ಬಚ್ಚಲಿನ ಕಲ್ಲು ಜಾರುವುದೇ, ಮಳೆಗಾಲದಲ್ಲಿ ಅಂಗಳಕ್ಕೆ ಹಾವಸೆ ಕಟ್ಟುವುದೇ, ರಾತ್ರಿ ದೀಪ ಹೋದರೆ ಬೇರೆ ಬೆಳಕಿದೆಯೇ, ಘಂಟೆ ಸ್ವಾಧೀನವಿರುವ ಬಲಗೈಗೆ ಎಟಕುವುದೇ? ಎಡಗಡೆಗೆ ಇಟ್ಟ ಘಂಟೆ ಈ ಯಜಮಾನರ ಪಾಲಿಗೆ ಇಲ್ಲದ ಘಂಟೆ. ಪರಿಚಾರಕಿಗೆ ನಿದ್ದೆ ಎಷ್ಟು ಸಿಗುವುದೆಂಬುದೂ ವ್ಯವಸ್ಥೆಗೇ ಸೇರಿದ್ದು. ಹಗಲಿರುಳು ಒಬ್ಬಳೇ ದುಡಿಯುವ ಕಡೆ ತಪ್ಪು ಸಂಭವಿಸಿದರೆ ಅದನ್ನು ಅವಳ ಸ್ವಭಾವಕ್ಕೆ ಕಟ್ಟುವುದು ನ್ಯಾಯವಲ್ಲ.

ಕ್ರಮದ ಪರೀಕ್ಷೆ ಇಷ್ಟು ಸುಲಭವಲ್ಲ. ಎರಡು ಉದಾಹರಣೆಗಳನ್ನು ಸ್ವಲ್ಪ ವಿಸ್ತಾರವಾಗಿ ನೋಡೋಣ.

ಮೊದಲನೆಯದು ಇನ್ಸುಲಿನ್. ನಮ್ಮ ದೇಶದಲ್ಲಿ ಸೀಸೆಯಲ್ಲಿ ದೊರೆಯುವ ಇನ್ಸುಲಿನ್ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ ೪೦ ಯೂನಿಟಿನದು. ೧೦೦ ಯೂನಿಟಿನದೂ ಉಂಟು. ಸಿರಿಂಜುಗಳೂ ಎರಡು ಬಗೆ: ೪೦ರದಕ್ಕೆ ಕೆಂಪು ಮುಚ್ಚಳ, ೧೦೦ರದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. ವೈದ್ಯರು ೨೦ ಯೂನಿಟು ಎಂದು ಬರೆದಿದ್ದಾರೆ ಎನ್ನೋಣ. ೪೦ರ ಸೀಸೆಯಿಂದ ೧೦೦ರ ಸಿರಿಂಜಿನಲ್ಲಿ ೨೦ರ ಗೆರೆಯವರೆಗೆ ಎಳೆದರೆ ಬರುವುದು ೦.೨ ಮಿಲಿಲೀಟರು, ಅದರಲ್ಲಿರುವುದು ೮ ಯೂನಿಟು ಮಾತ್ರ. ಸಕ್ಕರೆ ಇಳಿಯದು. ಇದಕ್ಕೆ ವಿಪರ್ಯಾಸವಾಗಿ ೧೦೦ರ ಔಷಧವನ್ನು ೪೦ರ ಸಿರಿಂಜಿನಲ್ಲಿ ಅದೇ ೨೦ರ ಗೆರೆಗೆ ಎಳೆದರೆ ಬರುವುದು ೦.೫ ಮಿಲಿಲೀಟರು, ಅಂದರೆ ೫೦ ಯೂನಿಟು. ರಕ್ತದ ಸಕ್ಕರೆ ಕುಸಿದು ರೋಗಿ ಪ್ರಜ್ಞೆ ತಪ್ಪಬಹುದು; ರಾತ್ರಿಯಾದರೆ ಪ್ರಾಣಕ್ಕೇ ಅಪಾಯ. ಎರಡು ಸಲವೂ ಕೈ ನಡುಗಲಿಲ್ಲ, ಗೆರೆ ತಪ್ಪಲಿಲ್ಲ. ಮಮತೆಗೂ ಕೊರತೆ ಇರಲಿಲ್ಲ. ಸೀಸೆಯ ಮೇಲಿನ ಅಂಕೆಯನ್ನೂ ಸಿರಿಂಜಿನ ಮೇಲಿನ ಅಂಕೆಯನ್ನೂ ಪ್ರತಿ ಸಲ ತಾಳೆ ನೋಡುತ್ತಾರೆಯೇ ಎಂಬುದೇ ಇಲ್ಲಿ ಕ್ರಮದ ಅಳತೆ. ಇದನ್ನು ಯಾರು ಬೇಕಾದರೂ ಪಕ್ಕದಲ್ಲಿ ನಿಂತು ನೋಡಬಹುದು.

ಎರಡನೆಯದು ಹಾಸಿಗೆ ಹುಣ್ಣು. ನಮ್ಮ ಚರ್ಮಕ್ಕೆ ರಕ್ತವನ್ನು ಒಯ್ಯುವ ಲೋಮನಾಳಗಳು ಬಹು ಸೂಕ್ಷ್ಮವಾದವು. ಸೊಂಟದ ಹಿಂಬದಿ, ಹಿಮ್ಮಡಿ, ತೊಡೆಯ ಮೇಲ್ಗಂಟು, ಹೀಗೆ ಎಲುಬು ಚರ್ಮಕ್ಕೆ ಸಮೀಪವಿರುವ ಎಡೆಗಳಲ್ಲಿ ಮೈಭಾರವು ಬಹುಕಾಲ ಒತ್ತಿದರೆ ಈ ನಾಳಗಳು ಮುಚ್ಚಿಹೋಗಿ ಆ ಭಾಗವು ರಕ್ತವಿಲ್ಲದೆ ಸಾಯತೊಡಗುವುದು. ನಮಗೆ ಹೀಗಾಗದಿರುವುದಕ್ಕೆ ಕಾರಣ, ನಿದ್ದೆಯಲ್ಲಿಯೂ ನಾವು ಅರಿವಿಲ್ಲದೆ ಮಗ್ಗುಲಾಗುವುದು. ಅದು ಸಾಧ್ಯವಿಲ್ಲದವರನ್ನು ಬೇರೆಯವರು ಹೊರಳಿಸಬೇಕು. ಎರಡು ಗಂಟೆಗೊಮ್ಮೆ ಎಂಬುದು ಬಹುಕಾಲದಿಂದ ರೂಢಿಯಲ್ಲಿರುವ ನಿಯಮ. ಕೆಂಪಾದ ಚರ್ಮವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಒಂದು ಕ್ಷಣ ಬಿಳಿಚಿಕೊಳ್ಳದೆ ಹಾಗೆಯೇ ಕೆಂಪಾಗಿ ಉಳಿದರೆ ಹುಣ್ಣಿನ ಮೊದಲ ಸೂಚನೆ ಎಂದು ತಿಳಿಯಬೇಕು. ಆದರೆ ಪಾಶ್ಚಾತ್ಯ ಪುಸ್ತಕಗಳ ಈ ಲಕ್ಷಣ ಕಪ್ಪು ಮೈಬಣ್ಣದವರಲ್ಲಿ ಸುಲಭವಾಗಿ ಕಾಣಿಸದು. ಅವರಲ್ಲಿ ಆ ಎಡೆಯು ಸುತ್ತಲಿನದಕ್ಕಿಂತ ಬಿಸಿಯೇ, ಗಡುಸೇ ಎಂದು ಕೈಯಿಂದ ಮುಟ್ಟಿ ನೋಡಬೇಕು.

ಇನ್ನು ಫಲ. ಅಮೆರಿಕದ ಕ್ಲೀವ್‌ಲೆಂಡಿನ ಸಿಡ್ನಿ ಕಾಟ್ಜ್ ಎಂಬ ವೈದ್ಯರೂ ಅವರ ಸಂಗಡಿಗರೂ ೧೯೬೩ರಲ್ಲಿ ಪ್ರಕಟಿಸಿದ ಒಂದು ಅಳತೆಗೋಲು ಈಗಲೂ ಬಳಕೆಯಲ್ಲಿದೆ. ಸ್ನಾನ, ಉಡುಪು ತೊಡುವುದು, ಶೌಚಕ್ಕೆ ಹೋಗಿಬರುವುದು, ಹಾಸಿಗೆಯಿಂದ ಏಳುವುದು, ಮಲಮೂತ್ರಗಳ ಹತೋಟಿ, ಉಣ್ಣುವುದು ಎಂಬ ಆರರಲ್ಲಿ ಪರಸಹಾಯವಿಲ್ಲದೆ ನಡೆಯುವ ಪ್ರತಿಯೊಂದಕ್ಕೂ ಒಂದು ಅಂಕ. ಇದರಲ್ಲಿ ಒಂದು ಸ್ವಾರಸ್ಯವುಂಟು: ಚೇತರಿಸಿಕೊಳ್ಳುವ ರೋಗಿಗೆ ಈ ಶಕ್ತಿಗಳು ಮರಳುವ ಅನುಕ್ರಮವು ಮಗುವು ಅವುಗಳನ್ನು ಕಲಿಯುವ ಅನುಕ್ರಮವನ್ನು ಹೋಲುವುದೆಂದು ಕಾಟ್ಜ್ ಕಂಡರು. ಉಣ್ಣುವುದು ಮೊದಲು ಬರುವುದು, ಸ್ನಾನ ಕೊನೆಗೆ. ಕಳೆದುಹೋಗುವಾಗ ಸ್ನಾನ ಮೊದಲು, ಉಣ್ಣುವುದು ಕೊನೆಗೆ.

ಈಗ ನಮ್ಮ ಯಜಮಾನರ ಬಳಿಗೆ ಹಿಂದಿರುಗೋಣ. ಅವರ ಬಲಗೈ ಸ್ವಾಧೀನದಲ್ಲಿಯೇ ಇದೆ. ಪರಿಚಾರಕಿ ಬರುವ ಮೊದಲು ಅವರು ತಾವೇ ಉಣ್ಣುತ್ತಿದ್ದರು. ಎಲೆಯ ಸುತ್ತ ಅಗುಳು ಚೆಲ್ಲುತ್ತಿತ್ತು, ಅರ್ಧ ಗಂಟೆ ಹಿಡಿಯುತ್ತಿತ್ತು. ಈಗ ಅವಳೇ ಹತ್ತು ನಿಮಿಷದಲ್ಲಿ ತಿನ್ನಿಸುತ್ತಾಳೆ. ಕೊನೆಗೆ ಹೋಗಬೇಕಾಗಿದ್ದ ಶಕ್ತಿ ಮೊದಲೇ ಹೋಗಿದೆ. ಕಾರಣ ರೋಗವಲ್ಲ, ಉಪಚಾರ! ತಾಯಿ ಹೊಗಳಿದ ಗುಣವೇ ಅಳತೆಗೋಲಿನಲ್ಲಿ ದೋಷವಾಗಿ ಕಾಣುವುದು. ಮಗನು “ಹೇಗೆ?” ಎಂದು ಕೇಳುವ ಬದಲು “ನಿನ್ನೆ ಅಪ್ಪಯ್ಯ ಎಷ್ಟು ತುತ್ತು ತಾನೇ ಉಂಡ? ಘಂಟೆ ಹೊಡೆದ ಮೇಲೆ ಎಷ್ಟು ಹೊತ್ತಿಗೆ ಬಂದರು?” ಎಂದು ಕೇಳಿದ್ದರೆ ಬೇರೆಯೇ ಉತ್ತರ ಬರುತ್ತಿತ್ತು. ಈ ಪ್ರಶ್ನೆಗಳನ್ನು ತಂದೆಯನ್ನೇ ಕೇಳಬೇಕು, ಅದೂ ಪರಿಚಾರಕಿ ಎದುರಿಗಿಲ್ಲದಾಗ. ಯಾರ ಕೈಯಿಂದ ನೀರು ಕುಡಿಯಬೇಕೋ ಅವರ ಮುಂದೆ ದೂರು ಹೇಳುವ ಧೈರ್ಯ ಎಷ್ಟು ಮಂದಿಗೆ ಇದೆ?

ಹಲವು ಮನೆಗಳನ್ನು ನೋಡಿಕೊಳ್ಳುವ ಸಂಸ್ಥೆಗಳನ್ನು ಹೋಲಿಸುವಾಗ ಇನ್ನೊಂದು ಎಚ್ಚರ ಬೇಕು. ಒಂದು ಸಂಸ್ಥೆಗೆ ಹತ್ತು ಮನೆ, ತಿಂಗಳಿಗೆ ೩೦೦ ರೋಗಿದಿನಗಳು, ರೋಗಿ ಜಾರಿ ಬಿದ್ದದ್ದು ಎರಡು ಸಲ. ಇನ್ನೊಂದಕ್ಕೆ ಐವತ್ತು ಮನೆ, ೧,೫೦೦ ರೋಗಿದಿನಗಳು, ಬಿದ್ದದ್ದು ಐದು ಸಲ ಎಂದಿಟ್ಟುಕೊಳ್ಳಿ. ಸಾವಿರ ದಿನಗಳಿಗೆ ಲೆಕ್ಕ ಹಾಕಿದರೆ ಮೊದಲನೆಯದು ೬.೭, ಎರಡನೆಯದು ೩.೩. ಎರಡನೆಯದೇ ಉತ್ತಮವೆಂದು ತೀರ್ಮಾನಿಸಬಹುದೇ? ಅದು ನಡೆದಾಡಬಲ್ಲ ಗಟ್ಟಿಗರನ್ನೇ ಆರಿಸಿಕೊಂಡಿರಬಹುದು. ಅಥವಾ ಬಿದ್ದದ್ದನ್ನೆಲ್ಲ ಬರೆದಿಡದೆ ಇರಬಹುದು. ಪ್ರಾಮಾಣಿಕವಾಗಿ ಬರೆಯುವವರ ಪುಸ್ತಕದಲ್ಲಿ ತಪ್ಪುಗಳು ಹೆಚ್ಚಾಗಿ ಕಾಣುವುದು ಸಹಜ. ಸಣ್ಣ ಸಂಖ್ಯೆಯಲ್ಲಿ ಆಕಸ್ಮಿಕದ ಪಾಲೂ ದೊಡ್ಡದು: ಮೊದಲನೆಯದರಲ್ಲಿ ಒಂದು ಬೀಳು ಕಡಿಮೆಯಾಗಿದ್ದರೆ ಎರಡೂ ಸರಿಸಮವಾಗುತ್ತಿದ್ದವು.

ಫಲವನ್ನು ರೋಗಕ್ಕೆ ತಕ್ಕಂತೆ ಆರಿಸಿಕೊಳ್ಳುವುದೂ ಮುಖ್ಯ. ಬೆಂಗಳೂರಿನ ಕರುಣಾಶ್ರಯವು ೧೯೯೫ರಿಂದ, ಗುಣವಾಗದ ಕ್ಯಾನ್ಸರ್ ರೋಗಿಗಳ ಮನೆಗಳಿಗೆ ದಾದಿಯರನ್ನು ಕಳುಹಿಸುತ್ತ ಬಂದಿದೆ. ಅಂತಹ ರೋಗಿಯ ಕಾಟ್ಜ್ ಅಂಕವು ವಾರದಿಂದ ವಾರಕ್ಕೆ ಇಳಿಯುವುದು ಶುಶ್ರೂಷೆಯ ಸೋಲಲ್ಲ. ಅಲ್ಲಿ ಅಳೆಯಬೇಕಾದದ್ದು ನೋವು ತಗ್ಗಿತೇ, ರಾತ್ರಿ ನಿದ್ದೆ ಬಂದಿತೇ ಎಂಬುದನ್ನು.

ಇಷ್ಟಕ್ಕೆಲ್ಲ ಬೇಕಾದ ಸಾಧನ ಒಂದು ನೋಟುಪುಸ್ತಕ. ಮಗ್ಗುಲು ಹೊರಳಿಸಿದ ಹೊತ್ತು, ಚರ್ಮದ ಸ್ಥಿತಿ, ಔಷಧ, ಊಟ, ಬಿದ್ದದ್ದು ಅಥವಾ ಬೀಳುವಂತಾದದ್ದು ಎಂದು ಅಂಕಣಗಳನ್ನು ಹಾಕಿ, ಕೆಲಸವಾದೊಡನೆ ಬರೆಯಬೇಕು. ರಾತ್ರಿ ಹತ್ತು, ಹನ್ನೆರಡು, ಎರಡು, ನಾಲ್ಕು ಎಂದು ಒಂದೇ ಶಾಯಿಯಲ್ಲಿ ಒಂದೇ ಅಂದದಲ್ಲಿ ತುಂಬಿದ ಪುಟವನ್ನು ಕಂಡರೆ ಸಂಶಯಪಡುವುದು ಲೇಸು. ನಿಜವಾದ ರಾತ್ರಿಗಳು ಅಷ್ಟು ನೇರವಾಗಿರುವುದಿಲ್ಲ. ಕೊನೆಯಲ್ಲಿ ಇನ್ನೊಂದು ಅಂಕಣವನ್ನೂ ಬಿಡಬೇಕು. ಎರಡು ಗಂಟೆಗೆ ಹೊರಳಿಸಲು ಹೋದಾಗ ಯಜಮಾನರು, “ಈಗಷ್ಟೇ ಕಣ್ಣು ಹತ್ತಿತ್ತು, ಬಿಡು” ಎಂದರು ಎನ್ನಿ. ಹೊರಳಿಸದಿದ್ದುದು ತಪ್ಪೇ? ಅಲ್ಲಿ “ಬೇಡವೆಂದರು, ೩ ಗಂಟೆಗೆ ಮತ್ತೆ ಕೇಳಿದೆ” ಎಂದು ಬರೆದಿದ್ದರೆ, ಆ ಒಂದು ಸಾಲಿನಿಂದ ಪರಿಚಾರಕಿ ಎಚ್ಚರವಾಗಿದ್ದಳೆಂಬುದೂ ರೋಗಿಯ ಮಾತನ್ನು ಕೇಳಿದಳೆಂಬುದೂ ತಿಳಿಯುವುದು.