ಒತ್ತಡದ ಪಾಠಕ್ಕೆ ಒಂದು ಹಳೆಯ ಟ್ಯಾಂಕ್

ತರಗತಿ: 8. ವಿಷಯ: ವಿಜ್ಞಾನ. ಘಟಕ: ಬಲ ಮತ್ತು ಒತ್ತಡ. ಅವಧಿ: 40 ನಿಮಿಷ.
ಬೋಧನೋಪಕರಣಗಳು: ಅಳತೆ ಟೇಪು, ಸುಣ್ಣದ ಪುಡಿ, ಗ್ರಾಫ್ ಹಾಳೆ, ಟ್ಯಾಂಕಿನ ಚಿತ್ರ.

ಮೊಳೆ, ಚಾಕುವಿನ ಉದಾಹರಣೆಯಿಂದ, ವಿಸ್ತೀರ್ಣ ಕಡಿಮೆಯಾದರೆ ಒತ್ತಡ ಹೆಚ್ಚುತ್ತದೆ ಎಂಬುದು ಮಕ್ಕಳಿಗೆ ಬೇಗ ತಿಳಿಯುತ್ತದೆ. ವಿಸ್ತೀರ್ಣ ಹೆಚ್ಚಿದರೆ ಭಾರಿ ವಸ್ತುವೂ ಮೆತ್ತನೆಯ ನೆಲದಲ್ಲಿ ಹೂತುಹೋಗದು ಎಂಬುದನ್ನು ಅವರು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಆದ್ದರಿಂದ ಮಡಿಕೇರಿಯ ಜನರಲ್ ತಿಮ್ಮಯ್ಯ ವಸ್ತುಸಂಗ್ರಹಾಲಯದಲ್ಲಿರುವ ಟಿ-55 ಟ್ಯಾಂಕನ್ನು ಉದಾಹರಣೆಯಾಗಿ ಆರಿಸಿಕೊಂಡೆ. ತರಗತಿಯ ಹಲವರು ಅದನ್ನು ನೋಡಿದ್ದರು.

ಪೀಠಿಕೆ: ಯುದ್ಧಯಂತ್ರಕ್ಕೆ ಟ್ಯಾಂಕ್ ಎಂಬ ಹೆಸರೇಕೆ ಎಂದು ಕೇಳಿದೆ. ಗುಟ್ಟು ಹೊರಬೀಳದಿರಲೆಂದು ಬ್ರಿಟಿಷರು ಇದನ್ನು ನೀರಿನ ಟ್ಯಾಂಕ್ ಎಂದು ಹೇಳಿ ತಯಾರಿಸಿದರು ಎಂದಾಗ ಮಕ್ಕಳು ನಕ್ಕರು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೋಮ್ ರಣರಂಗದಲ್ಲಿ ಅದು ಮೊದಲ ಬಾರಿ ಇಳಿಯಿತು. ಕಂದಕ, ಮುಳ್ಳುತಂತಿ, ಕೆಸರು ದಾಟಲು ಅದಕ್ಕೆ ನಮ್ಮೂರ ಹಿಟಾಚಿಗೆ ಇರುವಂಥ ಉಕ್ಕಿನ ಚೈನ್ ಇತ್ತು.

ಚಟುವಟಿಕೆ: ಟಿ-55ರ ಪ್ರತಿ ಚೈನ್ ನೆಲಕ್ಕೆ ತಾಗುವ ಉದ್ದ 3.84 ಮೀ., ಅಗಲ 0.58 ಮೀ. ಮೈದಾನದಲ್ಲಿ ಸುಣ್ಣದ ಪುಡಿಯಿಂದ ಎರಡು ಪಟ್ಟಿ ಬರೆಸಿದೆ. ಒಟ್ಟು ವಿಸ್ತೀರ್ಣ ಸುಮಾರು 4.45 ಚದರ ಮೀ. ಟ್ಯಾಂಕಿನ ರಾಶಿ 36 ಟನ್, ಅಂದರೆ 40 ಕೆ.ಜಿ.ಯ 900 ಮಕ್ಕಳಿಗೆ ಸಮ. ಲೆಕ್ಕ ಮಾಡಿದಾಗ ಒತ್ತಡ ಸುಮಾರು 81,000 ಪ್ಯಾಸ್ಕಲ್ ಬಂತು. ನಂತರ ಗ್ರಾಫ್ ಹಾಳೆಯ ಮೇಲೆ ಪಾದದ ಗುರುತು ಬರೆಸಿದೆ. 125 ಚದರ ಸೆಂ.ಮೀ. ಪಾದದ, 40 ಕೆ.ಜಿ.ಯ ವಿದ್ಯಾರ್ಥಿ ಒಂಟಿಕಾಲಲ್ಲಿ ನಿಂತರೆ 32,000 ಪ್ಯಾಸ್ಕಲ್. ತೂಕ 900 ಪಟ್ಟು, ಒತ್ತಡ ಮಾತ್ರ ಸುಮಾರು ಎರಡೂವರೆ ಪಟ್ಟು! ಮಕ್ಕಳು ಎರಡೆರಡು ಸಲ ಲೆಕ್ಕ ತಾಳೆ ನೋಡಿದರು.

ಅನ್ವಯ: ಚೈನಿಗೂ ಮಿತಿಯುಂಟು. 1965ರಲ್ಲಿ ಪಂಜಾಬಿನ ಅಸಲ್ ಉತ್ತರ್‌ನಲ್ಲಿ ನಮ್ಮ ಸೇನೆ ಹೊಲಗಳಿಗೆ ನೀರು ಬಿಟ್ಟಿತು. ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ಕೆಸರಿನಲ್ಲಿ ಸಿಕ್ಕಿಕೊಂಡವು. 1948ರ ನವೆಂಬರ್ 1ರಂದು ಜೋಜಿ ಲಾ ಕಣಿವೆ ದಾರಿಯಲ್ಲಿ ಕೊಡಗಿನವರೇ ಆದ ತಿಮ್ಮಯ್ಯನವರು ಹಗುರವಾದ ಸ್ಟುವರ್ಟ್ ಟ್ಯಾಂಕುಗಳನ್ನು ಬಳಸಿದರು. ಅದಕ್ಕೂ ಮೊದಲು ಮದ್ರಾಸ್ ಸ್ಯಾಪರ್ಸ್ ದಾರಿ ಸಿದ್ಧಪಡಿಸಬೇಕಾಯಿತು.

"ಡ್ರೋನ್ ಬಂದ ಮೇಲೆ ಟ್ಯಾಂಕ್ ಯಾಕೆ ಸರ್?" ಎಂದು ಒಬ್ಬ ಹುಡುಗಿ ಕೇಳಿದಳು. ಟ್ಯಾಂಕಿನ ಕವಚ ಮುಂದೆ ದಪ್ಪ, ಮೇಲ್ಭಾಗದಲ್ಲಿ ತೆಳು. ಉಕ್ರೇನ್ ಯುದ್ಧದಲ್ಲಿ ಡ್ರೋನುಗಳು ಅಲ್ಲಿಗೇ ಹೊಡೆಯುತ್ತಿವೆ. ಅದಕ್ಕಾಗಿ ಮೇಲೆ ಕಬ್ಬಿಣದ ಜಾಲರಿ ಕಟ್ಟುತ್ತಿದ್ದಾರೆ. ಆದರೂ ಕಾಲಾಳುಗಳ ಜೊತೆ ಮುಂದೆ ಸಾಗುವ, ಕವಚವುಳ್ಳ ಫಿರಂಗಿಯ ಅಗತ್ಯ ತಪ್ಪಿಲ್ಲ ಎಂದೆ.

ಗೃಹಪಾಠ: ಬಯಲಲ್ಲಿ ನಿಲ್ಲಿಸಿದ ಟ್ಯಾಂಕಿನೊಳಗೆ ಮಳೆನೀರು ನಿಂತರೆ ಏನಾಗುತ್ತದೆ? ತುಕ್ಕು ಕೆರೆಯದೆ ಬಣ್ಣ ಬಳಿದರೆ ಸಾಕೇ?

ಸಹ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಇಷ್ಟೆ: ಹಳೆಯ ಟ್ಯಾಂಕು ಫೋಟೊ ತೆಗೆಸಿಕೊಳ್ಳಲಷ್ಟೇ ಇರುವುದಲ್ಲ. ಅನುಮತಿ ಪಡೆದು ಮಕ್ಕಳ ಕೈಗೆ ಟೇಪು ಕೊಟ್ಟು ಅಳೆಯಿಸಿ. ಆ ಇಕ್ಕಟ್ಟಿನೊಳಗೆ ನಾಲ್ವರು ಕುಳಿತು ಯುದ್ಧಕ್ಕೆ ಹೋಗುತ್ತಿದ್ದರು ಎಂಬುದನ್ನೂ ಹೇಳಿ. ಅದನ್ನು ಕೇಳಿದ ಮೇಲೆ ನಮ್ಮ ತರಗತಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.